ಬಂಡೆಗೆ ಯಾವ ಶೂ, ಕೆಮ್ಮಣ್ಣಿಗೆ ಯಾವ ಶೂ: ಬೆಟ್ಟದ ಹಾದಿಯಲ್ಲಿ ಓಡುವ ಹೆಣ್ಣುಮಕ್ಕಳಿಗೆ ಒಂದು ಹೋಲಿಕೆ

ಕೋಲಾರದ ಅಂತರಗಂಗೆಯಲ್ಲಿ ಮೆಟ್ಟಿಲು ಮುಗಿದು, ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿ ದಾಟಿ ಮೇಲೆ ಹೋದರೆ ಕಾಲಿಗೆ ಮಣ್ಣು ಸಿಗುವುದೇ ಅಪರೂಪ. ಒಂದರ ಮೇಲೊಂದು ಉರುಳಿ ಕೂತ ಗುಂಡುಬಂಡೆ, ಅವುಗಳ ಸಂದಿ, ಗವಿ. ಚಿಕ್ಕಬಳ್ಳಾಪುರದ ಸ್ಕಂದಗಿರಿಯನ್ನು ಕಳವಾರದ ಕಡೆಯಿಂದ ಹತ್ತಿದರೆ ಮಳೆನೀರು ಕೊರೆದ ಕೊರಕಲು, ಕಾಲಿಟ್ಟರೆ ಉರುಳುವ ಕಲ್ಲು, ನಡುನಡುವೆ ಹಾಸುಬಂಡೆ. ಮಧುಗಿರಿ ಪೂರಾ ಏಕಶಿಲೆ; ಕಡಿದಾದ ಕಡೆ ಬಂಡೆಯಲ್ಲೇ ಕಡಿದ ಮೆಟ್ಟು, ಪಕ್ಕಕ್ಕೆ ಕಂಬಿ. ದೇವರಾಯನದುರ್ಗದಿಂದ ನಾಮದ ಚಿಲುಮೆಯ ಸುತ್ತಮುತ್ತ ಒಣ ಎಲೆ ಮುಚ್ಚಿದ ಕಾಡುಹಾದಿ. ಇವೆಲ್ಲಕ್ಕೂ ಹೋಗುವ ಮೊದಲು ದಿನಾ ಬೆಳಿಗ್ಗೆ ಓಡುವುದು ಊರಿನ ಕೆರೆ ಏರಿ, ರಾಗಿ ಹೊಲದ ಬದು, ಅರ್ಧ ಟಾರು ಅರ್ಧ ಜಲ್ಲಿಯ ರಸ್ತೆ.

ಬೆಟ್ಟ, ಕಾಡುಹಾದಿಯ ಓಟಕ್ಕೆಂದೇ ಮಾಡುವ ಟ್ರೇಲ್ ಶೂಗಳ ಜಾಹೀರಾತಿನಲ್ಲಿ ಕಾಣುವ ನೆಲ ಬೇರೆ. ಅಲ್ಲಿ ಕೆಸರು ಚಿಮ್ಮುತ್ತದೆ, ಹೊಳೆ ಹರಿಯುತ್ತದೆ, ನೆಲ ಮೆತ್ತಗಿರುತ್ತದೆ. ಆ ನೆಲಕ್ಕೆ ಹೊಂದುವ, ತಳದಲ್ಲಿ ಆಳವಾದ ಹಲ್ಲುಗಳಿರುವ ಶೂ ನೋಡಿದ ಕೂಡಲೇ 'ಇದು ಜಾರುವುದಿಲ್ಲ' ಅನ್ನಿಸುತ್ತದೆ. ಅದನ್ನೇ ಕೊಂಡು ಮಧುಗಿರಿಯ ಬಂಡೆಯ ಮೇಲೆ ಕಾಲಿಟ್ಟರೆ ಹತ್ತೇ ಹೆಜ್ಜೆಗೆ ಮೊಣಕಾಲು ನಡುಗುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬೆಟ್ಟಗಳಿಗೆ ಶೂ ಆರಿಸುವವರು ಹಲ್ಲಿನ ಆಳಕ್ಕಿಂತ ಮೊದಲು ರಬ್ಬರಿನ ಗುಣ ನೋಡಬೇಕು. ರಬ್ಬರಿಗಿಂತಲೂ ಮೊದಲು, ಶೂ ತನ್ನ ಕಾಲಿಗೆ ಕೂರುತ್ತದೆಯೇ ಎಂದು ನೋಡಬೇಕು. ಈ ಬರಹವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊದಲು ಕಾಲಿನ ಅಳತೆ

'ಲೇಡೀಸ್' ಎಂದು ಚೀಟಿ ಅಂಟಿಸಿದ ಶೂಗಳಲ್ಲಿ ಎರಡು ಬಗೆ. ಕೆಲವನ್ನು ಹೆಂಗಸರ ಪಾದದ ಅಚ್ಚಿನ ಮೇಲೇ ಮಾಡಿರುತ್ತಾರೆ: ಹಿಮ್ಮಡಿ ಕಿರಿದು, ಪಾದದ ಮೇಲ್ಭಾಗದ ಎತ್ತರ ಕಡಿಮೆ, ಹಗುರ ಮೈಗೆ ತಕ್ಕಂತೆ ಫೋಮ್ ಸ್ವಲ್ಪ ಮೆತ್ತಗೆ. ಇನ್ನು ಕೆಲವು ಗಂಡಸರ ಶೂವನ್ನೇ ಚಿಕ್ಕದು ಮಾಡಿ ಬಣ್ಣ ಬದಲಿಸಿದವು. ಎರಡನೆಯದರಲ್ಲಿ ಹಿಮ್ಮಡಿ ಎದ್ದೆದ್ದು ಬರುತ್ತದೆ, ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಆದರೆ ನಮ್ಮ ಕಡೆ ಇನ್ನೊಂದು ಮಾತೂ ಇದೆ. ಚಿಕ್ಕಂದಿನಿಂದ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಓಡಾಡಿ ಬೆಳೆದವರ ಬೆರಳುಗಳು ಚೆನ್ನಾಗಿ ಹರಡಿಕೊಂಡಿರುತ್ತವೆ. ಹಿಮ್ಮಡಿ ಕಿರಿದು, ಮುಂಗಾಲು ಅಗಲ. ಹೆಂಗಸರ ಶೂಗಳಲ್ಲಿ ಸಾಮಾನ್ಯ ಅಗಲವನ್ನು ಬಿ ಎಂದೂ ಅಗಲದ ಶೂವನ್ನು ಡಿ ಎಂದೂ ಗುರುತಿಸುತ್ತಾರೆ. ಗಂಡಸರ ಶೂಗಳಲ್ಲಿ ಡಿ ಎನ್ನುವುದೇ ಸಾಮಾನ್ಯ ಅಗಲ. ಹಾಗಾಗಿ ನಿಮ್ಮ ಅಳತೆಯಲ್ಲಿ ಹೆಂಗಸರ ಡಿ ಅಗಲ ಸಿಗದಿದ್ದರೆ ಅದೇ ಉದ್ದದ ಗಂಡಸರ ಶೂ ಹಾಕಿ ನೋಡುವುದರಲ್ಲಿ ಯಾವ ಮುಜುಗರವೂ ಬೇಡ. ಹಿಮ್ಮಡಿ ಸಡಿಲವಾದರೆ ಲೇಸಿನಲ್ಲಿ ಸರಿಮಾಡಬಹುದು. ಮುಂಭಾಗ ಬಿಗಿಯಾದರೆ ಯಾವ ಉಪಾಯಕ್ಕೂ ಜಗ್ಗುವುದಿಲ್ಲ.

ಅಳತೆ ತೆಗೆಯುವುದು ಸಂಜೆ ಹೊತ್ತಿನಲ್ಲಿ. ದಿನವಿಡೀ ನಿಂತು ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ. ಬೆಟ್ಟ ಹತ್ತುವಾಗಲೂ ಅದೇ ಸ್ಥಿತಿ. ಗೋಡೆಗೆ ಹಿಮ್ಮಡಿ ತಾಗಿಸಿ, ಬಿಳಿ ಹಾಳೆಯ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಸಿಕೊಳ್ಳಿ. ಗೋಡೆಯಿಂದ ಅತಿ ಉದ್ದದ ಬೆರಳಿನ ತುದಿಗೆ ಎಷ್ಟು ಸೆಂಟಿಮೀಟರ್ ಎಂದು ಅಳೆಯಿರಿ. ಎಷ್ಟೋ ಜನರಿಗೆ ಅತಿ ಉದ್ದದ್ದು ಹೆಬ್ಬೆರಳಲ್ಲ, ಅದರ ಪಕ್ಕದ್ದು. ಎರಡೂ ಕಾಲು ಅಳೆದು ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ. ಶೂವಿನ ಒಳಗೆ ಆ ಬೆರಳಿನ ಮುಂದೆ 10ರಿಂದ 12 ಮಿಲಿಮೀಟರ್ ಜಾಗ ಉಳಿಯಬೇಕು, ಅಂದರೆ ಹೆಬ್ಬೆರಳು ಅಡ್ಡಲಾಗಿ ಹಿಡಿಯುವಷ್ಟು. ಟಾರು ರಸ್ತೆಯಲ್ಲಿ ಓಡುವವರಿಗೆ ಇಷ್ಟು ಬೇಕಾಗದು. ಬೆಟ್ಟ ಇಳಿಯುವವರಿಗೆ ಬೇಕೇ ಬೇಕು.

ಆನ್‌ಲೈನಿನಲ್ಲಿ ತರಿಸುವವರು ಎಡವುವುದು ಇಲ್ಲೇ. ಅಮೆರಿಕದ ಹೆಂಗಸರ 8 ಎನ್ನುವ ಅಳತೆ ಒಂದು ಕಂಪನಿಯಲ್ಲಿ ಯುಕೆ 5.5, ಮತ್ತೊಂದರಲ್ಲಿ ಯುಕೆ 6.5. ಅಂಕಿಯನ್ನು ನಂಬದೆ ಶೂವಿನ ನಾಲಿಗೆಯ ಒಳಗಿನ ಚೀಟಿಯಲ್ಲಿರುವ ಸೆಂಟಿಮೀಟರ್ ಅಳತೆ ನೋಡಿ. ನಿಮ್ಮ ಪಾದ 23.8 ಇದ್ದರೆ 24.5 ಅಥವಾ 25ರದ್ದನ್ನು ಹಾಕಿ ನೋಡಬೇಕು. ಹೆರಿಗೆಯಾದ ಮೇಲೆ ಹಳೆಯ ಅಳತೆಯನ್ನೇ ಹಿಡಿದುಕೊಳ್ಳಬೇಡಿ. ಬಸುರಿನಲ್ಲಿ ಪಾದದ ಕಟ್ಟುಗಳು ಸಡಿಲಗೊಂಡು ಅಂಗಾಲಿನ ಕಮಾನು ಸ್ವಲ್ಪ ಇಳಿದು, ಪಾದ ಉದ್ದವಾಗುವುದುಂಟು. ಎಷ್ಟೋ ಮಂದಿಗೆ ಅದು ಮತ್ತೆ ಮೊದಲಿನಂತಾಗುವುದಿಲ್ಲ.

ಕಾಲುಂಗುರದ ವಿಷಯ ಯಾವ ಕಂಪನಿಯ ಪುಸ್ತಿಕೆಯಲ್ಲೂ ಇರುವುದಿಲ್ಲ, ಆದರೆ ನಮ್ಮವರ ಪಾಲಿಗೆ ದೊಡ್ಡದು. ಎರಡನೇ ಬೆರಳಿಗೆ ದಪ್ಪನೆಯ ಉಂಗುರವಿದ್ದರೆ ಕಿರಿದಾದ ಶೂವಿನಲ್ಲಿ ಅದು ಪಕ್ಕದ ಬೆರಳನ್ನು ಒತ್ತುತ್ತದೆ. ಎಂಟು ಕಿಲೋಮೀಟರ್ ಇಳಿಯುವಷ್ಟರಲ್ಲಿ ಅಲ್ಲೊಂದು ಗುಳ್ಳೆ ಎದ್ದಿರುತ್ತದೆ. ತೆಗೆಯದೆ ಓಡುವವರು ಅಂಗಡಿಗೂ ಕಾಲುಂಗುರ ಹಾಕಿಕೊಂಡೇ ಹೋಗಿ ಶೂ ನೋಡಬೇಕು. ಓಟದ ದಿನಗಳಿಗೆಂದು ಸುತ್ತು ಕೆತ್ತನೆಯಿಲ್ಲದ, ತೆಳುವಾದ ಚಪ್ಪಟೆ ಉಂಗುರ ಇಟ್ಟುಕೊಂಡರೆ ಅನುಕೂಲ. ಬೆರಳು ಬೇರೆ ಬೇರೆ ಇರುವ ಸಾಕ್ಸ್ ಹಾಕಿದರೆ ಉಂಗುರಕ್ಕೂ ಪಕ್ಕದ ಬೆರಳಿಗೂ ನಡುವೆ ಬಟ್ಟೆ ಬರುತ್ತದೆ. ಕಾಲುಚೈನು ಶೂವಿನ ಮೇಲಂಚಿಗೆ ಸಿಕ್ಕಿ ಗಿಣ್ಣನ್ನು ಉಜ್ಜುತ್ತದೆ, ಕೊಂಡಿ ಮುರಿಯುವುದೂ ಉಂಟು. ಅದನ್ನು ಮನೆಯಲ್ಲೇ ಬಿಚ್ಚಿಡುವುದು ಲೇಸು.

ಅಂಗಡಿಯಲ್ಲಿ ಶೂವಿನ ಒಳಗಿನ ಇನ್‌ಸೋಲ್ ಹೊರತೆಗೆದು ಅದರ ಮೇಲೆ ನಿಂತು ನೋಡಿ. ಕಿರುಬೆರಳು ಅಂಚಿನಿಂದ ಆಚೆ ಚಾಚಿದರೆ ಆ ಶೂ ಕಿರಿದು ಎಂದೇ ಅರ್ಥ. 'ಹಾಕ್ತಾ ಹಾಕ್ತಾ ಬಿಟ್ಕೊಳ್ಳುತ್ತೆ ಅಕ್ಕಾ' ಎಂಬ ಅಂಗಡಿಯವರ ಮಾತಿಗೆ ಬೀಳಬೇಡಿ. ಹಳೆಯ ಚರ್ಮದ ಚಪ್ಪಲಿ ಬಿಟ್ಟುಕೊಳ್ಳುತ್ತಿತ್ತು. ಇಂದಿನ ಅಂಟಿಸಿದ ಪ್ಲಾಸ್ಟಿಕ್ ಪದರ ಬಿಟ್ಟುಕೊಳ್ಳುವುದಿಲ್ಲ. ಲೇಸ್ ಕಟ್ಟಿ ಅಂಗಡಿಯ ಮೆಟ್ಟಿಲನ್ನು ಮುಂದಕ್ಕೆ ವಾಲಿ ಐದಾರು ಸಲ ಇಳಿಯಿರಿ. ಬೆರಳು ಮುಂದೆ ತಾಗಿದರೆ ಬೇಡ. ಹತ್ತುವಾಗ ಹಿಮ್ಮಡಿ ಎದ್ದರೆ ಮೇಲ್ತುದಿಯಲ್ಲಿ ಖಾಲಿ ಉಳಿದಿರುವ ತೂತಿಗೆ ಅದೇ ಕಡೆಯ ಲೇಸನ್ನು ಹಿಂದಕ್ಕೆ ಪೋಣಿಸಿ ಕುಣಿಕೆ ಮಾಡಿ, ಎದುರು ಕಡೆಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆಯಿರಿ. ಹಿಮ್ಮಡಿ ಕೂತರೆ ಸರಿ, ಆಗಲೂ ಎದ್ದರೆ ಬೇರೆ ಜೋಡಿ ನೋಡಿ.

ಹಿಡಿತ: ಹಲ್ಲು ಬೇರೆ, ರಬ್ಬರು ಬೇರೆ

ಸೋಲಿನ, ಅಂದರೆ ಶೂವಿನ ತಳದ, ಅಡಿಯಲ್ಲಿ ಎದ್ದಿರುವ ಹಲ್ಲುಗಳನ್ನು ಅಂಗಡಿಗಳಲ್ಲಿ ಲಗ್ ಎನ್ನುತ್ತಾರೆ. ಅವುಗಳ ಎತ್ತರ ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರ್. ಟ್ರ್ಯಾಕ್ಟರ್ ಟೈರನ್ನು ನೆನೆಸಿಕೊಳ್ಳಿ. ಕೆಸರುಗದ್ದೆಯಲ್ಲಿ ಅದರ ಹಲ್ಲು ಮಣ್ಣಿಗೆ ಇಳಿದು ಎಳೆಯುತ್ತದೆ. ಅದೇ ಟ್ರ್ಯಾಕ್ಟರು ಟಾರು ರಸ್ತೆಗೆ ಬಂದರೆ ಹಲ್ಲಿನ ತುದಿಗಳಷ್ಟೇ ನೆಲಕ್ಕೆ ತಾಗುತ್ತವೆ. ಶೂವಿಗೂ ಇದೇ ಲೆಕ್ಕ. ಬಂಡೆಯೊಳಗೆ ಹಲ್ಲು ಇಳಿಯುವುದಿಲ್ಲ. ಬಂಡೆಯ ಮೇಲೆ ನಿಲ್ಲಿಸುವುದು ನೆಲಕ್ಕೆ ತಾಗುವ ರಬ್ಬರಿನ ವಿಸ್ತಾರ ಮತ್ತು ಮೆದುತನ. ಎತ್ತರದ, ತೆಳ್ಳನೆಯ, ದೂರದೂರ ಇರುವ ಹಲ್ಲುಗಳು ಬಂಡೆಯ ಮೇಲೆ ಮಣಿಯುತ್ತವೆ, ಪಾದ ಒಳಗೇ ಅಲುಗಾಡಿದಂತೆ ಆಗುತ್ತದೆ, ಒರಟು ಕಲ್ಲಿಗೆ ತುದಿ ಕಿತ್ತೂ ಬರುತ್ತದೆ.

ರಬ್ಬರಿನಲ್ಲಿ ಮೆದುವಾದದ್ದು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯಾದದ್ದು ಬಾಳಿಕೆ ಬರುತ್ತದೆ, ಒದ್ದೆ ಕಲ್ಲಿನ ಮೇಲೆ ಕೈಕೊಡುತ್ತದೆ. ಇದರ ಮಧ್ಯದ ದಾರಿಯನ್ನು ಹುಡುಕುವುದೇ ಕಂಪನಿಗಳ ಕೆಲಸ. ವೈಬ್ರಮ್ ಕಂಪನಿಯ ಮೆಗಾಗ್ರಿಪ್ ರಬ್ಬರನ್ನು ಹಲವು ಶೂ ಕಂಪನಿಗಳು ಕೊಂಡು ಬಳಸುತ್ತವೆ, ಒದ್ದೆ ಬಂಡೆಗೆ ಅದು ನಂಬುವಂಥದ್ದು. ಸಾಲೊಮನ್ ತನ್ನದನ್ನು ಕಾಂಟಾಗ್ರಿಪ್ ಎನ್ನುತ್ತದೆ, ಲಾ ಸ್ಪೋರ್ಟಿವಾದ್ದು ಫ್ರಿಕ್ಸಿಯಾನ್, ಅಡಿಡಾಸ್‌ನ ಟೆರೆಕ್ಸ್ ಸಾಲಿನ ಹಲವು ಶೂಗಳಿಗೆ ಕಾಂಟಿನೆಂಟಲ್ ಟೈರ್ ಕಂಪನಿಯ ರಬ್ಬರು. ಹೆಸರೇ ಇಲ್ಲದೆ 'ರಬ್ಬರ್ ಸೋಲ್' ಎಂದಷ್ಟೇ ಬರೆದಿದ್ದರೆ ಪರೀಕ್ಷೆ ಮಾಡದೆ ಕೊಳ್ಳಬೇಡಿ.

ಆ ಪರೀಕ್ಷೆಗೆ ಬೆಟ್ಟಕ್ಕೆ ಹೋಗಬೇಕಿಲ್ಲ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿದ್ದರೆ ಸಾಕು. ಅದೂ ಇದೇ ಬೆಟ್ಟಗಳ ಕಲ್ಲೇ. ಸೋಪಿನ ಜಿಡ್ಡು ಹೋಗುವಂತೆ ಚೆನ್ನಾಗಿ ತೊಳೆದು, ಕಲ್ಲು ಒದ್ದೆ ಇರುವಾಗಲೇ ಶೂ ಹಾಕಿದ ಕಾಲನ್ನು ಅದರ ಮೇಲೆ ಇಟ್ಟು, ಗೋಡೆ ಹಿಡಿದು, ಭಾರ ಹಾಕಿ ಮುಂದಕ್ಕೆ ಹಿಂದಕ್ಕೆ ತಳ್ಳಿ. ಒಳ್ಳೆಯ ರಬ್ಬರು ಕಚ್ಚಿ ಕೂರುತ್ತದೆ, ಗಟ್ಟಿ ಸೋಲು ಸರ್ರನೆ ಹೋಗುತ್ತದೆ. ನೀರು ಒರೆಸಿದರೆ ಸೋಲು ಹೊಸದರಂತೆಯೇ ಇರುತ್ತದೆ. ಹೊಸ ಸೋಲಿನ ಮೇಲೆ ಅಚ್ಚಿನಿಂದ ಬಂದ ನುಣುಪಾದ ಪೊರೆ ಇರುವುದರಿಂದ ಮೊದಮೊದಲು ಸ್ವಲ್ಪ ಜಾರುವುದು ಸಹಜ, ಅದನ್ನೂ ಗಮನದಲ್ಲಿಡಿ. ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದ ಮೇಲೆ ಹತ್ತು ಹದಿನೈದು ಕಿಲೋಮೀಟರ್ ಒರಟು ರಸ್ತೆಯಲ್ಲಿ ಓಡಿ ಆ ಪೊರೆ ಕಳೆದ ನಂತರವೇ ಬಂಡೆ ಹತ್ತಬೇಕು.

ನಮ್ಮ ನೆಲದಲ್ಲಿ ಜಾರಿಸುವುದು ನಾಲ್ಕು. ಒಂದು, ಹಾಸುಬಂಡೆಯ ಮೇಲೆ ಉದುರಿ ಬಿದ್ದ ಗರಸು. ಬಂಡೆಯೇ ಬಿಸಿಲಿಗೆ ಮಳೆಗೆ ಚಕ್ಕೆಯೆದ್ದು ಪುಡಿಯಾದ ಹರಳು ಅದು. ಸಿಮೆಂಟು ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ ಕಾಲಡಿಯಲ್ಲಿ ಉರುಳುತ್ತದೆ. ಯಾವ ಶೂವೂ ಇಲ್ಲಿ ಪೂರ್ತಿ ನಿಲ್ಲಿಸುವುದಿಲ್ಲ. ಹೆಜ್ಜೆ ಚಿಕ್ಕದು ಮಾಡಿ, ಹಿಂದಕ್ಕೆ ವಾಲದೆ, ಅಂಗಾಲು ಪೂರ್ತಿ ಊರಿ ಇಳಿಯಬೇಕು. ಎರಡು, ಬಂಡೆಯ ಮೇಲೆ ಮೇಲಿಂದ ಕೆಳಕ್ಕೆ ಇಳಿದಿರುವ ಕಪ್ಪು ಪಟ್ಟೆ. ಮಳೆನೀರು ಹರಿಯುವ ದಾರಿ ಅದು. ಅಲ್ಲಿ ಪಾಚಿಯ ತೆಳು ಪದರ ಕೂತಿರುತ್ತದೆ. ಒಣಗಿದ್ದರೆ ಸಲೀಸು, ಒದ್ದೆಯಾದರೆ ಮೆಗಾಗ್ರಿಪ್ಪೂ ಇಲ್ಲ, ಕಾಂಟಾಗ್ರಿಪ್ಪೂ ಇಲ್ಲ. ಸುತ್ತಿ ಹೋಗುವುದೊಂದೇ ದಾರಿ. ನಂದಿಬೆಟ್ಟದ ಮೆಟ್ಟಿಲುಗಳಲ್ಲಿ ಮಂಜು ಬಿದ್ದ ಬೆಳಿಗ್ಗೆಯೂ ಇದೇ ಅಪಾಯ. ಮೂರನೆಯದು ನೀಲಗಿರಿ ತೋಪಿನ ಒಣ ಎಲೆ ಮತ್ತು ಸುಲಿದ ತೊಗಟೆ. ಇಲ್ಲಿ ಹಲ್ಲು ಎಲೆಯ ಪದರ ತೂರಿ ಮಣ್ಣು ಮುಟ್ಟಬೇಕು, 4 ಮಿಲಿಮೀಟರ್ ಇದ್ದರೆ ಒಳ್ಳೆಯದು. ನಾಲ್ಕನೆಯದು ಸೆಪ್ಟೆಂಬರ್, ಅಕ್ಟೋಬರ್ ಮಳೆಯ ಕೆಮ್ಮಣ್ಣು. ಆಗ ಮಾತ್ರ 5 ಮಿಲಿಮೀಟರಿನ, ಬಿಡಿಬಿಡಿಯಾದ ಹಲ್ಲುಗಳ ಶೂ ತನ್ನ ಬೆಲೆ ತೀರಿಸುತ್ತದೆ. ಹಲ್ಲುಗಳು ಒತ್ತೊತ್ತಾಗಿದ್ದರೆ ಮಣ್ಣು ಮೆತ್ತಿಕೊಂಡು ಕಾಲಿಗೊಂದು ಇಟ್ಟಿಗೆ ಕಟ್ಟಿದಂತಾಗುತ್ತದೆ.

ಸೋಲು ತಿರುಗಿಸಿ ಹಲ್ಲಿನ ದಿಕ್ಕನ್ನೂ ನೋಡಿ. ಮುಂಗಾಲಿನ ಹಲ್ಲುಗಳ ಮೊನೆ ಮುಂದಕ್ಕೆ, ಹಿಮ್ಮಡಿಯವು ಹಿಂದಕ್ಕೆ ತಿರುಗಿದ್ದರೆ ಹತ್ತುವಾಗ ತಳ್ಳು ಸಿಗುತ್ತದೆ, ಇಳಿಯುವಾಗ ತಡೆ ಸಿಗುತ್ತದೆ.

ರಕ್ಷಣೆ: ಕಲ್ಲಿಗಿಂತ ಮುಳ್ಳು

ಮುಂತುದಿಯಲ್ಲಿ ಬೆರಳಿನ ಮೇಲೆ ಹತ್ತಿ ಬರುವ ಗಟ್ಟಿ ರಬ್ಬರಿನ ಕವಚ ಇರಲೇಬೇಕು. ಬೆರಳಿನಿಂದ ಒತ್ತಿದರೆ ತಗ್ಗಬಾರದು. ಸ್ಕಂದಗಿರಿಯ ಕೊರಕಲಿನಲ್ಲಿ ಸುಸ್ತಾಗಿ ಇಳಿಯುವಾಗ ಕಾಲು ಎತ್ತುವುದು ಕಡಿಮೆಯಾಗುತ್ತದೆ, ಎಡವುವುದು ಆಗಲೇ. ಅಂತರಗಂಗೆಯ ಬಂಡೆ ಸಂದಿಗಳಲ್ಲಿ ಪಕ್ಕದ ಬಟ್ಟೆ ಉಜ್ಜಿ ಹರಿಯುವುದರಿಂದ ಸೋಲಿನ ರಬ್ಬರು ಪಕ್ಕಕ್ಕೂ ಸ್ವಲ್ಪ ಏರಿರಬೇಕು.

ರಾಕ್ ಪ್ಲೇಟ್ ಎಂದರೆ ಸೋಲು ಮತ್ತು ಫೋಮಿನ ನಡುವೆ ಇಡುವ ತೆಳುವಾದ ಗಟ್ಟಿ ಹಾಳೆ. ಚೂಪು ಕಲ್ಲು ಅಂಗಾಲಿಗೆ ಒತ್ತದಂತೆ ಅದು ಭಾರವನ್ನು ಹಂಚುತ್ತದೆ. ನಮ್ಮ ಕಡೆ ಅದಕ್ಕೆ ಇನ್ನೊಂದು ಉಪಯೋಗವೂ ಇದೆ: ಜಾಲಿ ಮುಳ್ಳು. ಪಾವಗಡ, ಮಧುಗಿರಿ ಕಡೆಯಲ್ಲೂ ಕೋಲಾರದ ಒಣಗಿದ ಕೆರೆಯಂಗಳಗಳಲ್ಲೂ ಬಳ್ಳಾರಿ ಜಾಲಿ ಎಲ್ಲೆಂದರಲ್ಲಿ. ಅದರ ಮುಳ್ಳು ಬರೀ ಫೋಮಿನ ಸೋಲನ್ನು ಬೆಣ್ಣೆಯಂತೆ ತೂರುತ್ತದೆ. ರಾಕ್ ಪ್ಲೇಟ್ ಇರುವ ಕಡೆ ಬಹಳಷ್ಟು ತಡೆಯುತ್ತದೆ. ಆದರೆ ಹೆಚ್ಚಿನ ಶೂಗಳಲ್ಲಿ ಅದು ಮುಂಗಾಲಿನಡಿ ಮಾತ್ರ, ಹಿಮ್ಮಡಿಯಡಿ ಇರುವುದಿಲ್ಲ. ಒಳಗೇ ಮುರಿದ ಮುಳ್ಳು ಮೊದಲ ದಿನ ಗೊತ್ತಾಗದು. ಫೋಮ್ ತುಳಿದು ತುಳಿದು ತಗ್ಗಿದ ಮೇಲೆ, ಮೂರನೆಯ ದಿನವೋ ನಾಲ್ಕನೆಯ ದಿನವೋ ಚುಚ್ಚುತ್ತದೆ. ಪ್ರತಿ ಓಟದ ನಂತರ ಇನ್‌ಸೋಲ್ ತೆಗೆದು ಬೆಳಕಿಗೆ ಹಿಡಿದು ಒಳಗೆ ನೋಡುವ ಅಭ್ಯಾಸವಿರಲಿ. ಚಿಮುಟದಲ್ಲಿ ಸೋಲಿನ ಹೊರಗಿನಿಂದಲೇ ಎಳೆಯಿರಿ, ಒಳಗಿನಿಂದ ತಳ್ಳಿದರೆ ತುದಿ ಮುರಿದು ಉಳಿಯುತ್ತದೆ.

ಮೇಲಿನ ಬಟ್ಟೆಯ ವಿಷಯದಲ್ಲಿ, ಸಾಕ್ಸಿನಂತೆ ಹೆಣೆದ ಮೆತ್ತನೆಯ ಶೂಗಳನ್ನು ಬಿಟ್ಟುಬಿಡಿ. ಉತ್ತರಾಣಿಯ ಬೀಜ, ಹುಲ್ಲಿನ ಮುಳ್ಳು ಅದರ ಎಳೆಯೊಳಗೆ ಸೇರಿದರೆ ಒಂದೊಂದಾಗಿ ಕೀಳುತ್ತಾ ಕೂರಬೇಕು. ಒತ್ತಾದ, ತೆಳು ಜಾಲರಿಯ ಬಟ್ಟೆ ಒಳ್ಳೆಯದು. ನಾಲಿಗೆಯ ಎರಡೂ ಪಕ್ಕ ಬಟ್ಟೆ ಹೊಲಿದು ಶೂವಿನ ಮೈಗೆ ಸೇರಿಸಿದ್ದರೆ ಗರಸು ಒಳಗೆ ಬರುವುದು ಅರ್ಧ ಕಡಿಮೆಯಾಗುತ್ತದೆ. ನೀರು ತಡೆಯುವ ಗೋರ್-ಟೆಕ್ಸ್ ಶೂಗಳಿಗೆ ಹೆಚ್ಚು ಹಣ ಕೊಡಬೇಡಿ. ನಮ್ಮ ಸೆಕೆಗೆ ಕಾಲು ಒಳಗೇ ಬೇಯುತ್ತದೆ. ಮೇಲಿನಿಂದ ಒಳಗಿಳಿದ ನೀರು ಹೊರಗೆ ಹೋಗಲು ದಾರಿಯೂ ಇರುವುದಿಲ್ಲ.

ಹಾವಿನ ಭಯಕ್ಕೆ ಎತ್ತರದ ಶೂ ಬೇಕೇ ಎಂದು ಹಲವರು ಕೇಳುತ್ತಾರೆ. ಓಟದ ಶೂ ಯಾವುದೂ ಅದಕ್ಕೆ ತಡೆಯಲ್ಲ. ಹುಲ್ಲು ಎತ್ತರಕ್ಕೆ ಬೆಳೆದ ಹಾದಿ ಬಿಡುವುದು, ಕತ್ತಲಲ್ಲಿ ಓಡದಿರುವುದು ತಡೆ. ದೇವರಾಯನದುರ್ಗದ ಕಾಡಿನಲ್ಲಿ ಚಿರತೆ, ಕರಡಿ ಇರುವುದರಿಂದ ಅಲ್ಲಿ ಈ ಮಾತು ಇನ್ನೂ ಗಟ್ಟಿ.

ಮೆತ್ತೆ ಮತ್ತು ಡ್ರಾಪ್

ಹಿಮ್ಮಡಿಯಡಿಯ ದಪ್ಪಕ್ಕೂ ಮುಂಗಾಲಿನಡಿಯ ದಪ್ಪಕ್ಕೂ ಇರುವ ವ್ಯತ್ಯಾಸವೇ ಡ್ರಾಪ್. ಮಾಮೂಲಿ ರಸ್ತೆ ಶೂಗಳಲ್ಲಿ ಅದು 8ರಿಂದ 10 ಮಿಲಿಮೀಟರ್. ಅದು ಕಡಿಮೆಯಾದಷ್ಟೂ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ನರಕ್ಕೂ ಕೆಲಸ ಹೆಚ್ಚು. ರಸ್ತೆ ಶೂವಿನಿಂದ ನೇರವಾಗಿ ಸೊನ್ನೆ ಡ್ರಾಪಿಗೆ ಇಳಿದು ಮೊದಲ ವಾರವೇ ನಂದಿ ಹತ್ತಿದರೆ ಹಿಮ್ಮಡಿ ನೋವು ತಪ್ಪದು. ವಾರಕ್ಕೆ ಎರಡು ಸಲ, ಸಮ ನೆಲದಲ್ಲಿ ಎರಡು ಮೂರು ಕಿಲೋಮೀಟರಿನಿಂದ ಶುರುಮಾಡಿ ಆರರಿಂದ ಎಂಟು ವಾರ ತೆಗೆದುಕೊಳ್ಳಿ. 4ರಿಂದ 6 ಡ್ರಾಪ್ ಇರುವ ಶೂ ರಸ್ತೆ ಶೂವಿಗೆ ಒಗ್ಗಿದವರಿಗೂ ಕಡಿಮೆ ಡ್ರಾಪ್ ಬಯಸುವವರಿಗೂ ಹೊಂದುತ್ತದೆ.

ಮೆತ್ತೆ ದಪ್ಪವಾದಷ್ಟೂ ಸುಖ ಎಂಬುದು ಸಮ ನೆಲದಲ್ಲಿ ನಿಜ. ಗುಂಡುಬಂಡೆಯ ಮೇಲೆ ದಪ್ಪ ಮೆತ್ತೆ ಎಂದರೆ ಮಣೆಯ ಮೇಲೆ ನಿಂತಂತೆ. ಅಂಚು ಸ್ವಲ್ಪ ವಾಲಿದರೂ ಕಾಲು ಉಳುಕುತ್ತದೆ. ಅಂತರಗಂಗೆಗೆ ತೆಳುವಾದದ್ದು, ಸ್ಕಂದಗಿರಿಯ ಉದ್ದನೆಯ ಇಳಿಜಾರಿಗೆ ಸ್ವಲ್ಪ ದಪ್ಪದ್ದು ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ನಲವತ್ತೈದು ಐವತ್ತು ಕಿಲೋ ತೂಗುವವರು ಇನ್ನೊಂದು ಮಾತು ನೋಡಬೇಕು. ಗಂಡಸರ ಭಾರಕ್ಕೆ ಮಾಡಿದ ಫೋಮ್ ಅವರ ಕಾಲಡಿ ತಗ್ಗುವುದೇ ಇಲ್ಲ, ಹಲಗೆಯ ಮೇಲೆ ಓಡಿದಂತೆ ಆಗುತ್ತದೆ. ಶೂವಿನ ಎರಡು ತುದಿ ಹಿಡಿದು ಬಾಗಿಸಿ. ಬೆರಳುಗಳು ಮಡಿಯುವ ಜಾಗದಲ್ಲಿ ಬಾಗಬೇಕು. ನಡುವಿನಲ್ಲಿ ಮಡಿದರೆ ಆಸರೆ ಇಲ್ಲವೆಂದು ಅರ್ಥ, ಎಲ್ಲೂ ಬಾಗದಿದ್ದರೆ ನಿಮ್ಮ ತೂಕಕ್ಕೆ ಅದು ಗಟ್ಟಿ.

ಯಾವುದಕ್ಕೆ ಯಾವುದು

ಒಂದೇ ಹೆಸರಿನ ಶೂ ಪ್ರತಿ ಹೊಸ ಆವೃತ್ತಿಯಲ್ಲಿ ಬದಲಾಗುತ್ತದೆ. ಅಚ್ಚು, ಮೆತ್ತೆ, ಕೆಲವೊಮ್ಮೆ ಪ್ಲೇಟೂ. ಹೆಸರಿನ ಮುಂದಿನ ಅಂಕಿ ನೋಡಿಯೇ ಕೊಳ್ಳಿ.

ಸಾಲೊಮನ್ ಸ್ಪೀಡ್‌ಕ್ರಾಸ್ 6: ಹಲ್ಲು 5 ಮಿಲಿಮೀಟರ್, ಡ್ರಾಪ್ 10. ಉಗುರು ಚಾಚಿದಂತೆ ಕಾಣುವ ಸೋಲು. ಮಳೆಗಾಲದ ಕೆಮ್ಮಣ್ಣಿನಲ್ಲಿ, ಹಸಿ ಹುಲ್ಲಿನ ಏರಿನಲ್ಲಿ ಇದಕ್ಕೆ ಸಾಟಿ ಕಡಿಮೆ. ಒಣ ಬಂಡೆಯಲ್ಲಿ ಕೆಳಗೆ ಹಲ್ಲು ಒತ್ತುವುದು ಗೊತ್ತಾಗುತ್ತದೆ, ಟಾರಿನಲ್ಲಿ ಬೇಗ ಸವೆಯುತ್ತದೆ, ಮುಂಭಾಗವೂ ಕಿರಿದು. ಎಳೆದರೆ ಬಿಗಿಯಾಗುವ ತೆಳು ದಾರ ಬೇಗ ಕಟ್ಟಲು ಅನುಕೂಲ, ಆದರೆ ಮುಂಗಾಲನ್ನು ಸಡಿಲ ಬಿಟ್ಟು ಹಿಮ್ಮಡಿಯನ್ನು ಮಾತ್ರ ಬಿಗಿ ಮಾಡಲು ಬರುವುದಿಲ್ಲ. ಅಗಲ ಪಾದದವರಿಗೆ ಇದು ದೊಡ್ಡ ಕೊರತೆ. ನಮ್ಮ ಮೂರು ಜಿಲ್ಲೆಗೆ ಇರುವುದೊಂದೇ ಶೂ ಎಂದಾದರೆ ಇದು ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಹೋಕಾ ಸ್ಪೀಡ್‌ಗೋಟ್: 5ರಲ್ಲಿ ಡ್ರಾಪ್ 4, 6ರಲ್ಲಿ 5, ಹಲ್ಲು ಎರಡರಲ್ಲೂ 5 ಮಿಲಿಮೀಟರ್, ರಬ್ಬರು ಮೆಗಾಗ್ರಿಪ್. ಹಲ್ಲು ಆಳವಿದ್ದರೂ ರಬ್ಬರು ಮೆದು, ಹಲ್ಲುಗಳು ಅಗಲ, ಹಾಗಾಗಿ ಒದ್ದೆ ಬಂಡೆಯಲ್ಲೂ ನಿಲ್ಲುತ್ತದೆ. ಮೆತ್ತೆ ದಪ್ಪ, ಸ್ಕಂದಗಿರಿ ಇಳಿಯುವಾಗ ಮೊಣಕಾಲಿಗೆ ಹಿತ. ಬಂಡೆಯಿಂದ ಬಂಡೆಗೆ ಹಾರುವಲ್ಲಿ ಎಚ್ಚರ ಬೇಕು. ಹೆಂಗಸರ ಡಿ ಅಗಲದಲ್ಲೂ ಇದನ್ನು ಮಾಡುತ್ತಾರೆ; ಅಗಲ ಪಾದದವರು ಅದನ್ನೇ ಕೇಳಿ ತರಿಸಬೇಕು, ಸಾಮಾನ್ಯ ಅಗಲದ್ದು ಮುಂದೆ ಒತ್ತುತ್ತದೆ.

ಆಲ್ಟ್ರಾ ಲೋನ್ ಪೀಕ್: ಡ್ರಾಪ್ ಸೊನ್ನೆ, ದಪ್ಪ 25 ಮಿಲಿಮೀಟರ್, ಮುಂಭಾಗ ಪಾದದ ಆಕಾರಕ್ಕೇ ಅಗಲ. ಬರಿಗಾಲಿನಲ್ಲಿ ಬೆಳೆದವರಿಗೆ, ಕಾಲುಂಗುರ ತೆಗೆಯದವರಿಗೆ ಇದರಷ್ಟು ನೆಮ್ಮದಿ ಕೊಡುವ ಶೂ ಸಿಗುವುದು ಕಷ್ಟ. ಹಲವು ಆವೃತ್ತಿಗಳಲ್ಲಿ ಕಲ್ಲಿನ ಚೂಪಿಗೆ ಒಳಗೆ ತಡೆ ಇರುತ್ತದೆ. ಒಣ ಹಾದಿಯಲ್ಲಿ ಚೆನ್ನ; ಆಲ್ಟ್ರಾದ್ದೇ ರಬ್ಬರು ಇರುವ ಆವೃತ್ತಿಗಳಿಗೆ ಒದ್ದೆ ಬಂಡೆಯಲ್ಲಿ ಮೆಗಾಗ್ರಿಪ್ಪಿನಷ್ಟು ಭರವಸೆ ಇಲ್ಲ. ಹಿಮ್ಮಡಿ ಕಿರಿದಾದವರು ಲೇಸಿನ ಕುಣಿಕೆ ಹಾಕಲೇಬೇಕು. ಹಿಮ್ಮಡಿಯ ನರ ನೋಯುವ ಹಳೆಯ ತೊಂದರೆ ಇದ್ದವರು ದೂರವಿರಿ.

ಸಾಕನಿ ಪೆರೆಗ್ರಿನ್ 13: ಡ್ರಾಪ್ 4, ಹಲ್ಲು 5, ಒಳಗೆ ರಾಕ್ ಪ್ಲೇಟ್, ಮೆತ್ತೆ ಮಧ್ಯಮ. ಜಾಲಿ ಮುಳ್ಳಿನ ಹಾದಿ, ಸಡಿಲ ಕಲ್ಲು, ಕಾಡುಹಾದಿ ಎಲ್ಲಕ್ಕೂ ಒಂದೇ ಜೋಡಿ ಸಾಕು ಎನ್ನುವವರು ಮೊದಲು ನೋಡಬೇಕಾದದ್ದು ಈ ಬಗೆ. ಬ್ರೂಕ್ಸ್ ಕ್ಯಾಸ್ಕೇಡಿಯಾ 16 ಇದೇ ಗುಂಪಿನದು. ಡ್ರಾಪ್ 8, ಇದಕ್ಕೂ ಕಲ್ಲಿನ ತಡೆ ಇದೆ, ರಸ್ತೆ ಶೂವಿನಿಂದ ಬರುವವರಿಗೆ ಕಾಲು ಬೇಗ ಹೊಂದಿಕೊಳ್ಳುತ್ತದೆ, ತೂಕ ಸ್ವಲ್ಪ ಹೆಚ್ಚು.

ಲಾ ಸ್ಪೋರ್ಟಿವಾ ಬುಷಿಡೊ 2: ಡ್ರಾಪ್ 6, ತಗ್ಗಾದ ಮೈ, ಪಕ್ಕಕ್ಕೂ ಏರಿದ ಅಂಟು ರಬ್ಬರು. ಅಂತರಗಂಗೆ, ಮಧುಗಿರಿಯಂಥ ಬಂಡೆ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ತುಂಬಾ ಕಿರಿದು, ಮೆತ್ತೆ ಗಟ್ಟಿ. ಎರಡು ಗಂಟೆಗಿಂತ ಹೆಚ್ಚು ಓಡುವವರಿಗೆ ಅಂಗಾಲು ದಣಿಯುತ್ತದೆ. ಕಿರಿದಾದ ಪಾದದವರಿಗಷ್ಟೇ.

ವಾರದಲ್ಲಿ ಐದು ದಿನ ಕೆರೆ ಏರಿ, ಹಳ್ಳಿ ರಸ್ತೆ, ತಿಂಗಳಿಗೊಮ್ಮೆ ಮಾತ್ರ ಬೆಟ್ಟ ಎನ್ನುವವರಿಗೆ ಮೇಲಿನ ಯಾವುದೂ ಬೇಡ. ಹೋಕಾ ಚಾಲೆಂಜರ್ 7ರಂಥ, 4 ಮಿಲಿಮೀಟರ್ ಹಲ್ಲು, 5 ಡ್ರಾಪ್ ಇರುವ, ರಸ್ತೆಗೂ ಮಣ್ಣಿಗೂ ಸಲ್ಲುವ ಶೂ ಸಾಕು. ಟಾರಿನಲ್ಲಿ ಇದರ ಸವೆತ ನಿಧಾನ.

ಇವು ಹೆಚ್ಚಿನವು ಹತ್ತು ಸಾವಿರ ರೂಪಾಯಿ ದಾಟುತ್ತವೆ. ಅಷ್ಟು ಆಗದಿದ್ದರೆ ಡೆಕಾಥ್ಲಾನ್‌ನ ಟ್ರೇಲ್ ಶೂಗಳು, ಆಸಿಕ್ಸ್ ಜೆಲ್-ವೆಂಚರ್ ಇವೆ. ಒಣ ಕಾಲದ ಮಣ್ಣು ಹಾದಿಗೆ ಇವುಗಳಲ್ಲಿ ಏನೂ ಕೊರತೆ ಕಾಣದು. ಜೆಲ್-ವೆಂಚರಿನ ರಬ್ಬರು ಗಟ್ಟಿ, ಬಾಳಿಕೆ ಬರುತ್ತದೆ; ಒದ್ದೆ ಬಂಡೆಗೆ ಅದನ್ನು ನಂಬಿ ಹೋಗಬೇಡಿ. ಪೇಟೆಯಲ್ಲಿ ದೊಡ್ಡ ಕಂಪನಿಗಳ ಹೆಸರು ಹಾಕಿ ಸಾವಿರ, ಸಾವಿರದೈನೂರಕ್ಕೆ ಮಾರುವ ಕಾಪಿ ಶೂಗಳ ಸೋಲು ಬರೀ ಪ್ಲಾಸ್ಟಿಕ್ಕಿನಂಥದ್ದು. ಉಗುರಿನಿಂದ ಹಲ್ಲನ್ನು ಒತ್ತಿದರೆ ಗುರುತೂ ಬೀಳುವುದಿಲ್ಲ. ಅದಕ್ಕಿಂತ ಶಾಲೆ ಮಕ್ಕಳ ಬಿಳಿ ಕ್ಯಾನ್ವಾಸ್ ಶೂವಿನ ಚಪ್ಪಟೆ ರಬ್ಬರು ಒಣ ಬಂಡೆಯ ಮೇಲೆ ಎಷ್ಟೋ ಮೇಲು. ಅದರಲ್ಲಿ ರಕ್ಷಣೆ ಇಲ್ಲ, ಮೆತ್ತೆ ಇಲ್ಲ. ಹಿಡಿತ ಮಾತ್ರ ಇದೆ, ಏಕೆಂದರೆ ಅಂಗಾಲಿನ ಅಗಲಕ್ಕೂ ರಬ್ಬರು ನೆಲ ಮುಟ್ಟುತ್ತದೆ.

ಹಾಗಾದರೆ ಒಂದೇ ಜೋಡಿ ಕೊಳ್ಳುವುದಾದರೆ? ಡ್ರಾಪ್ 4ರಿಂದ 8, ಹಲ್ಲು 4ರಿಂದ 5, ಹೆಸರುಳ್ಳ ಮೆದು ರಬ್ಬರು, ಮಧ್ಯಮ ಮೆತ್ತೆ, ಮುಂಗಾಲಿನಡಿ ಪ್ಲೇಟು, ಅಗಲವಾದ ಮುಂಭಾಗ. ಇವುಗಳಲ್ಲಿ ಒಂದನ್ನು ಬಿಡಲೇಬೇಕೆಂದರೆ ಬೆಟ್ಟದ ಬಂಡೆಯವರು ಪ್ಲೇಟನ್ನು ಬಿಡಲಿ, ಪಾವಗಡದ ಬಯಲಿನವರು ಮೆದು ರಬ್ಬರನ್ನು ಬಿಡಲಿ. ಅಗಲವನ್ನು ಯಾರೂ ಬಿಡಬಾರದು.

ಕೊಂಡ ಮೇಲೆ

ಹತ್ತಿ ಸಾಕ್ಸ್ ಬೆವರು ಹಿಡಿದಿಟ್ಟು ಗುಳ್ಳೆ ಎಬ್ಬಿಸುತ್ತದೆ. ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯದ್ದು ಹಾಕಿ. ಕೆಸರಾದ ಶೂವನ್ನು ಇನ್‌ಸೋಲ್, ಲೇಸ್ ತೆಗೆದು ತಣ್ಣೀರು, ಮೆತ್ತನೆ ಬ್ರಷ್ಷಿನಲ್ಲಿ ತೊಳೆದು, ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ. ತಾರಸಿಯ ಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ, ರಬ್ಬರು ಗಟ್ಟಿಯಾಗುತ್ತದೆ. ಯಾವ ರಬ್ಬರಿಗೆಂದು ಹೆಚ್ಚು ಹಣ ಕೊಟ್ಟಿರೋ ಅದೇ ಕೆಡುತ್ತದೆ. ಮುಂತುದಿಯ ಕವಚ ಬಿಟ್ಟುಕೊಂಡರೆ ಚಪ್ಪಲಿ ರಿಪೇರಿಯವರ ಬಳಿ ಅಂಟು ಹಾಕಿಸಬಹುದು. ಪಕ್ಕದ ಹೊಲಿಗೆ ಬೇಕಾದರೆ ಹಾಕಿಸಿ, ಆದರೆ ಸೋಲಿನ ಮೂಲಕ ಹೊಲಿಯಲು ಬಿಡಬೇಡಿ. ಆ ತೂತಿನಿಂದಲೇ ಫೋಮ್ ಸೀಳುತ್ತದೆ.

ಟ್ರೇಲ್ ಶೂವಿನ ಆಯುಸ್ಸು ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್. ನಮ್ಮ ಕಲ್ಲಿನ ಮೇಲೆ ಓಡುವವರು ಕೆಳಗಿನ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮುಂಗಾಲಿನ ಹಲ್ಲು ಹೊಸದರ ಅರ್ಧಕ್ಕೆ ಇಳಿದಾಗ, ಫೋಮಿನ ಪಕ್ಕದಲ್ಲಿ ಅಡ್ಡ ಸುಕ್ಕು ಅಳಿಸದೆ ಉಳಿದಾಗ, ಅಥವಾ ಓಡಿದ ಮರುದಿನ ಕಾರಣವಿಲ್ಲದೆ ಮೊಣಕಾಲು ನೋಯತೊಡಗಿದಾಗ ಆ ಜೋಡಿಯನ್ನು ಬೆಟ್ಟದಿಂದ ಬಿಡಿಸಿ ಕೆರೆ ಏರಿಗೆ, ಅಲ್ಲಿಂದ ಹೊಲದ ಕೆಲಸಕ್ಕೆ ಇಳಿಸಿ. ಲೆಕ್ಕ ತಪ್ಪದಿರಲು ಕೊಂಡ ದಿನವೇ ಇನ್‌ಸೋಲಿನ ಕೆಳಗೆ ತಾರೀಕು ಬರೆದಿಡಿ, ಅದರ ಪಕ್ಕದಲ್ಲಿ ಹೊಸ ಹಲ್ಲಿನ ಎತ್ತರವನ್ನು ಸ್ಕೇಲಿನಿಂದ ಅಳೆದು ಬರೆಯಿರಿ.